ಬ್ಯಾಚ್ 4: ಈ ಸಲ ಹೈಡ್ರೋಮೀಟರ್ ಮಾತು ಕೇಳಿದೆ

ಮನೆಯಲ್ಲೇ ಬಿಯರ್ ಮಾಡುತ್ತೇನೆ, ಇದು ನಾಲ್ಕನೇ ಬ್ಯಾಚ್. ಮೊದಲು ಹೋದ ಸಲದ ಬ್ಯಾಚಿನ ಕಥೆ. ಏರ್‌ಲಾಕಿನಲ್ಲಿ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ, ಮುಚ್ಚಳದ ಮೇಲಿನ ಕೊಳವೆ) ಗುಳ್ಳೆ ನಿಂತಿತು, ಹುದುಗಿದ್ದು ಮುಗಿಯಿತು ಅಂದುಕೊಂಡು ಆರನೇ ದಿನವೇ ಬಾಟಲಿಗೆ ತುಂಬಿಬಿಟ್ಟೆ. ಮೂರು ವಾರದ ಮೇಲೆ ಒಂದು ರಾತ್ರಿ ಎರಡು ಬಾಟಲಿ ಒಡೆದವು. ಉಳಿದವನ್ನು ದಪ್ಪ ಗ್ಲೌಸ್, ಕನ್ನಡಕ ಹಾಕಿಕೊಂಡು ಒಂದೊಂದಾಗಿ ತೆರೆದು ಚೆಲ್ಲಿದೆ. ಹುದುಗದೆ ಉಳಿದ ಸಕ್ಕರೆ, ಅದರ ಮೇಲೆ ಬಾಟಲಿಯೊಳಗೆ ಗ್ಯಾಸ್ ತುಂಬಲಿ ಅಂತ ನಾನು ಹಾಕಿದ ಸಕ್ಕರೆ, ಎರಡನ್ನೂ ಈಸ್ಟ್ ತಿಂದರೆ ಗ್ಯಾಸ್ ಹೋಗುವುದಾದರೂ ಎಲ್ಲಿಗೆ?

ಈ ಸಲ ಸಾದಾ ಪೇಲ್ ಏಲ್ (ತಿಳಿ ಬಣ್ಣದ ಒಂದು ಬಗೆಯ ಬಿಯರ್), 20 ಲೀಟರ್. ಹೈಡ್ರೋಮೀಟರಿನಲ್ಲಿ ಅಳೆದ ಶುರುವಿನ ಗ್ರಾವಿಟಿ, ಅಂದರೆ ನೀರಿಗೆ ಹೋಲಿಸಿದ ಸಾಂದ್ರತೆ, 1.046; ಸಕ್ಕರೆ ಹುದುಗಿದಷ್ಟೂ ಇದು ಇಳಿಯುತ್ತದೆ. ಕುದಿಸಿದ್ದು, ತಣಿಸಿದ್ದು ಎಲ್ಲ ಎಂದಿನಂತೆ. 19 ಡಿಗ್ರಿ ಆಸುಪಾಸಿನಲ್ಲಿ ಇಟ್ಟಿದ್ದೆ, ಐದನೇ ದಿನಕ್ಕೇ ಗುಳ್ಳೆ ನಿಂತಿತು. ಕೈ ತುರಿಸುತ್ತಿತ್ತು, ಆದರೂ ಮುಟ್ಟಲಿಲ್ಲ. ಎಂಟನೇ ದಿನ ಅಳೆದರೆ 1.014. ಹನ್ನೊಂದನೇ ದಿನ 1.010! ಒಂದು ಗುಳ್ಳೆಯೂ ಇಲ್ಲದೆ ಕೆಲಸ ನಡೆದೇ ಇತ್ತು. ಮುಚ್ಚಳ ಚೂರು ಸಡಿಲ ಇದ್ದರೂ ಗ್ಯಾಸ್ ಅಲ್ಲಿಂದಲೇ ಹೋಗುತ್ತದೆ, ಏರ್‌ಲಾಕ್ ಸುಮ್ನೆ ಕೂತಿರುತ್ತದೆ. ಹದಿನಾಲ್ಕನೇ ದಿನವೂ 1.010 ಬಂತು, ಆಗ ಧೈರ್ಯ ಬಂತು. ಆಲ್ಕೋಹಾಲ್ ಸುಮಾರು 4.7%.

ಮುಂಚೆ ಬಾಟಲಿಗೊಂದು ಚಮಚ ಸಕ್ಕರೆ ಹಾಕುತ್ತಿದ್ದೆ. ಚಮಚ ಒಂದೇ ಸಮ ಇರಬೇಕಲ್ವಾ, ಕೆಲವು ಉಕ್ಕುತ್ತಿದ್ದವು, ಕೆಲವು ಸಪ್ಪೆ. ಈಗ ಲೀಟರಿಗೆ 6 ಗ್ರಾಂ ಲೆಕ್ಕದಲ್ಲಿ 18 ಲೀಟರಿಗೆ 108 ಗ್ರಾಂ ತೂಗಿ, ಸ್ವಲ್ಪ ನೀರಿನಲ್ಲಿ ಕುದಿಸಿ, ಇನ್ನೊಂದು ಬಕೆಟ್ಟಿನ ತಳಕ್ಕೆ ಹಾಕಿ, ಬುಡದ ಗಸಿ ಕದಡದ ಹಾಗೆ ಬಿಯರನ್ನು ಪೈಪಿನಲ್ಲಿ ಅದರ ಮೇಲೆ ಇಳಿಸಿದೆ. ಪೈಪಿನ ತುದಿ ಒಳಗೆ ಮುಳುಗಿಯೇ ಇರಬೇಕು, ಮೇಲಿಂದ ಸುರಿದರೆ ಗಾಳಿ ಸೇರಿ ಆಮೇಲೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಇಷ್ಟೆಲ್ಲ ಜಾಗ್ರತೆ ಮಾಡಿದವನು ಆ ಬಕೆಟ್ಟಿನ ನಲ್ಲಿ ತಿರುಗಿಸಿ ಮುಚ್ಚುವುದನ್ನೇ ಮರೆತಿದ್ದೆ! ಅರ್ಧ ಲೀಟರ್ ನನ್ನ ಕಾಲ ಮೇಲೆ, ಜೊತೆಗೆ ಒಂದಿಷ್ಟು ಪಾಕವೂ.

ಕೊನೆಗೆ ಸಿಕ್ಕಿದ್ದು ಅರ್ಧ ಲೀಟರಿನ 35 ಬಾಟಲಿ. 34 ಕಂದು ಗಾಜಿನವು, ಬೆಳಕು ಬಿದ್ದರೆ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) ಕೆಟ್ಟ ವಾಸನೆ ಕೊಡುತ್ತದೆ ಅಂತ. ಒಂದು ಮಾತ್ರ ಪ್ಲಾಸ್ಟಿಕ್, ಒಳಗೆ ಒತ್ತಡ ಎಷ್ಟಿದೆ ಅಂತ ಹಿಂಡಿ ನೋಡಲು. ಇವತ್ತು ಆರನೇ ದಿನ, ಅದು ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ. ಚೆಲ್ಲಿಹೋದ ಪಾಕದ ಮೇಲೇ ನನಗೆ ಅನುಮಾನ. ಹದಿನಾಲ್ಕನೇ ದಿನ ಒಂದನ್ನು ಫ್ರಿಜ್ಜಿನಲ್ಲಿಟ್ಟು ತೆರೆಯುತ್ತೇನೆ.