ಬಸ್ಸು ಬಂದಳು

ಆ ವಾಕ್ಯ ಇದ್ದದ್ದು ನಾನು ಶಾಲೆಗಳಿಂದ ತಂದ ಮಕ್ಕಳ ಬರಹದ ಕಟ್ಟಿನಲ್ಲಲ್ಲ, ಗೆಳತಿ ಭದ್ರಾವತಿಯವಳ ಕಟ್ಟಿನಲ್ಲಿ. ಮೂರನೇ ಕ್ಲಾಸಿನ ಹುಡುಗನೊಬ್ಬ ಪೆನ್ಸಿಲ್ ಒತ್ತಿ ಒತ್ತಿ ಬರೆದಿದ್ದ: ‘ಬಸ್ಸು ಬಂದಳು.’ ಅದರ ಕೆಳಗೆ ‘ಪುಸ್ತಕ ಹರಿದುಹೋದಳು.’ ಶನಿವಾರ ಮಧ್ಯಾಹ್ನದ ಖಾಲಿ ಕ್ಲಾಸ್‌ರೂಮಿನಲ್ಲಿ ನಾವು ನಾಲ್ವರಿದ್ದೆವು, ಮೂವರು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳು ನಗಲಿಲ್ಲ. ಮಂಡಕ್ಕಿ ಹರವಿದ್ದ ಪೇಪರಿನ ತುದಿಗೆ ಕೈ ಒರೆಸಿಕೊಂಡು, “ನಮ್ಮನೇಲಿ ಬಸ್ಸು ಹೆಂಗಸೇ ಕಣೆ” ಅಂದಳು.

ಉರ್ದುವಿನಲ್ಲಿ ನಪುಂಸಕಲಿಂಗ ಇಲ್ಲ. ಜೀವ ಇರಲಿ ಬಿಡಲಿ, ಎಲ್ಲ ಒಂದೋ ಗಂಡು, ಇಲ್ಲವೋ ಹೆಣ್ಣು. ಬಸ್ಸು ಹೆಣ್ಣು, ಪುಸ್ತಕ ಹೆಣ್ಣು, ರೊಟ್ಟಿ ಹೆಣ್ಣು; ಮನೆ ಗಂಡು, ಬಾಗಿಲು ಗಂಡು. ಆ ಹುಡುಗ ಮನೆಯಲ್ಲಿ ಕಲಿತ ಲೆಕ್ಕವನ್ನೇ ಕನ್ನಡಕ್ಕೂ ಹಚ್ಚಿದ್ದ, ಅದೂ ಒಂದು ಕಡೆಯೂ ತಪ್ಪದೆ. ‘ಬಾಗಿಲು ಮುರಿದುಹೋದನು’ ಅಂತಲೂ ಬರೆದಿದ್ದ ಪುಣ್ಯಾತ್ಮ. ನಾವು ನಗುತ್ತಿದ್ದದ್ದು ಒಂದು ಅಚ್ಚುಕಟ್ಟಾದ ವ್ಯಾಕರಣವನ್ನು ನೋಡಿ ಎಂಬುದು ಆಗ ಗೊತ್ತಾಯಿತು. ಅವಳು ಹಾಗೆಲ್ಲ ದೊಡ್ಡ ಮಾತಲ್ಲಿ ಹೇಳಲಿಲ್ಲ. “ಸಣ್ಣೋಳಿದ್ದಾಗ ನಾನೂ ಹಿಂಗೇ ಬರೆದು ಕೈಮೇಲೆ ಹೊಡೆಸ್ಕೊಂಡಿದೀನಿ” ಅಂದು ಮಂಡಕ್ಕಿಗೆ ಕೈ ಹಾಕಿದಳು.

ಇದು 2011-12ರ ಮಾತು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ನಾವು ಎಂ.ಎಡ್. ಓದುತ್ತಿದ್ದೆವು. ಆಗ ಅದು ಒಂದೇ ವರ್ಷದ್ದು, ಎರಡು ವರ್ಷವಾದದ್ದು 2015ರಿಂದ. ಪಾಠ, ಪರೀಕ್ಷೆ, ಡಿಸರ್ಟೇಶನ್ ಎಲ್ಲ ಆ ಒಂದು ವರ್ಷದಲ್ಲೇ ಮುಗಿಯಬೇಕು. ನಾನು ಹೊಸನಗರದ ಕಡೆಯವಳು. ಸೊರಬದವನೊಬ್ಬ ಇದ್ದ. ತೀರ್ಥಹಳ್ಳಿಯ ಅಕ್ಕ ಆಗಲೇ ಎಂಟು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ಬಂದವರು. ನಮ್ಮ ಅರ್ಧ ಸಂಶಯಗಳಿಗೆ “ಅದು ಪುಸ್ತಕದಲ್ಲಿ ಹಂಗಿರತ್ತೆ, ಕ್ಲಾಸಲ್ಲಿ ಇರಲ್ಲ” ಎಂಬ ಒಂದೇ ಉತ್ತರ ಅವರದು.

ಶನಿವಾರದ ಕೂಟ ಹುಟ್ಟಿದ್ದು ಯಾವ ಘನ ಉದ್ದೇಶದಿಂದಲೂ ಅಲ್ಲ, ಜೆರಾಕ್ಸ್ ದುಡ್ಡು ಉಳಿಸುವುದಕ್ಕೆ. ಓದಬೇಕಾದ ಇಂಗ್ಲಿಷ್ ಲೇಖನಗಳನ್ನು ಹಂಚಿಕೊಂಡು, ಒಬ್ಬೊಬ್ಬರು ಒಂದೊಂದು ಓದಿ ಉಳಿದವರಿಗೆ ಕನ್ನಡದಲ್ಲಿ ಹೇಳುವುದು ಅಂತಾಯಿತು. ಇಂಗ್ಲಿಷಿನಲ್ಲಿ ಓದುವಾಗ ಎಲ್ಲ ತಿಳಿದ ಹಾಗೇ ಇರುತ್ತಿತ್ತು, ಕೆಳಗೆ ಗೆರೆ ಎಳೆದೂ ಆಗಿರುತ್ತಿತ್ತು. ಕನ್ನಡದಲ್ಲಿ ಹೇಳಹೋದರೆ ಎರಡನೇ ವಾಕ್ಯಕ್ಕೇ ನಾಲಿಗೆ ತಡವರಿಸುತ್ತಿತ್ತು. ಭಾಷಾವಿಜ್ಞಾನಿ ಸೆಲಿಂಕರ್ 1972ರಲ್ಲಿ ಬರೆದ ‘ಇಂಟರ್‌ಲ್ಯಾಂಗ್ವೇಜ್’ ಲೇಖನ ನನ್ನ ಪಾಲಿಗೆ ಬಂದಿತ್ತು. ಹೊಸ ಭಾಷೆ ಕಲಿಯುವವನ ಬಾಯಲ್ಲಿ ತಾಯಿನುಡಿಯೂ ಅಲ್ಲದ, ಕಲಿಯುವ ಭಾಷೆಯೂ ಅಲ್ಲದ ಒಂದು ನಡುವಿನ ಭಾಷೆ ಇರುತ್ತದಲ್ಲ, ಅದು. “ಅರೆಬೆಂದ ಅನ್ನ ಇದ್ದಂಗೆ” ಅಂದೆ. ಅಕ್ಕ ಒಪ್ಪಲಿಲ್ಲ. ಅರೆಬೆಂದದ್ದು ಅಂದರೆ ಕೆಟ್ಟದ್ದು ಅಂತಾಯಿತು, ಈತ ಹೇಳುವುದು ಆ ಭಾಷೆಗೂ ಅದರದೇ ಕಟ್ಟುನಿಟ್ಟು ಇದೆ ಅಂತಲ್ಲವೇ ಎಂದರು. ಅರ್ಧ ಗಂಟೆ ಜಗಳವಾಡಿದ ಮೇಲೆ ಸೊರಬದವನು “ಕಾಲುಸಂಕ” ಅಂದ. ಅಡಿಕೆಮರ ಅಡ್ಡ ಹಾಕಿ ಹಳ್ಳ ದಾಟಲು ಕಟ್ಟುವ ಸಂಕ. ಅದು ಈ ದಡದ್ದೂ ಅಲ್ಲ, ಆ ದಡದ್ದೂ ಅಲ್ಲ, ಆದರೆ ಲೆಕ್ಕ ತಪ್ಪಿ ಕಟ್ಟಿದರೆ ನಿಲ್ಲುವುದಿಲ್ಲ. ಅವತ್ತಿನಿಂದ ನಮಗೆ ಇಂಟರ್‌ಲ್ಯಾಂಗ್ವೇಜ್ ಅಂದರೆ ಕಾಲುಸಂಕವೇ. ಪರೀಕ್ಷೆಯಲ್ಲೂ ಅದನ್ನೇ ಬರೆದುಬಿಟ್ಟೆ. ನಂಬರ್ ಎಷ್ಟು ಬಂತು ಅಂತ ಇಲ್ಲಿ ಹೇಳುವುದಿಲ್ಲ.

ನನ್ನ ಡಿಸರ್ಟೇಶನ್ ಐದನೇ ಕ್ಲಾಸಿನ ಮಕ್ಕಳ ಇಂಗ್ಲಿಷ್ ಬರವಣಿಗೆಯ ಮೇಲೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ತಂದದ್ದು 2007-08ರಲ್ಲಿ. ಆ ಮೊದಲ ಬ್ಯಾಚಿನ ಮಕ್ಕಳು ನಾನು ಎಂ.ಎಡ್. ಸೇರಿದ ವರ್ಷ ಐದಕ್ಕೆ ಬಂದಿದ್ದರು. ನಾಲ್ಕು ಶಾಲೆ ಸುತ್ತಿ ಉತ್ತರಪತ್ರಿಕೆಗಳ ಕಟ್ಟು ತಂದೆ. ಕೆಂಪು ಪೆನ್ನು ಹಿಡಿದು ಕಾಗುಣಿತದ ತಪ್ಪು ಇಷ್ಟು, ಕ್ರಿಯಾಪದದ್ದು ಇಷ್ಟು ಎಂದು ಎಣಿಸಿ ಟೇಬಲ್ ಹಾಕಿದೆ. ಶೇಕಡಾ ತೆಗೆದೆ. ಟಿ-ಟೆಸ್ಟನ್ನೂ ಮಾಡಿದೆ. ನೋಡಲಿಕ್ಕೆ ಬಹಳ ಚಂದ ಇತ್ತು.

ಬಸ್ಸು ಬಂದ ಶನಿವಾರದ ಮುಂದಿನ ಶನಿವಾರ ಭದ್ರಾವತಿಯವಳು ನನ್ನ ಕಟ್ಟು ಕೇಳಿದಳು. ಟೇಬಲ್ ಕೊಟ್ಟೆ. “ಇದಲ್ಲ, ಮಕ್ಕಳು ಬರೆದದ್ದು ಕೊಡು” ಅಂದಳು. ಕೊಡಲಿಕ್ಕೆ ನಿಜಕ್ಕೂ ಮನಸ್ಸಿರಲಿಲ್ಲ. ಟೇಬಲ್ ತೋರಿಸುವುದು ಬೇರೆ, ಕಟ್ಟು ಬಿಚ್ಚಿ ಮುಂದೆ ಇಡುವುದು ಬೇರೆ. ನಾವು ಎಲ್ಲಿ ಓದದೆ ಮಗುಚಿದ್ದೇವೆ ಎಂಬುದು ಕಟ್ಟಿನಲ್ಲಿ ಕಾಣುತ್ತದೆ.

ಹದಿನೈದು ನಿಮಿಷಕ್ಕೆ ಸಿಕ್ಕಿಬಿದ್ದೆ. ಮೊಟ್ಟೆಯ ಇಂಗ್ಲಿಷ್ ಪದ ‘ಎಗ್’ ಬರೆಯುವಾಗ ಎಷ್ಟೋ ಮಕ್ಕಳು ಮೊದಲಿಗೆ ವೈ ಹಾಕಿದ್ದರು. ‘ಓನ್ಲಿ’ ಬರೆಯುವಾಗ ಡಬ್ಲ್ಯೂ. ನಾನು ಅವನ್ನೆಲ್ಲ ‘ಅಜಾಗರೂಕತೆ’ ಎಂಬ ಕಾಲಮ್ಮಿಗೆ ತಳ್ಳಿದ್ದೆ. “ಎಲೆ ಅನ್ನು ನೋಡಾಣ” ಅಂದ ಸೊರಬದವನು. ಅಂದೆ. “ಒಲೆ ಅನ್ನು.” ಅಂದೆ. “ಯೆಲೆ, ವೊಲೆ ಅಂತಿದೀಯ ಮಾರಾಯ್ತಿ. ನೀ ಬಾಯಲ್ಲಿ ಹಾಕಿದ ವೈ-ನ ಅವು ಪೇಪರಲ್ಲಿ ಹಾಕಿದಾವೆ ಅಷ್ಟೆ.” ಪದದ ಮೊದಲಿಗೆ ಎ, ಒ ಬಂದರೆ ಕನ್ನಡದ ಬಾಯಿ ತಾನಾಗಿ ಯಕಾರ ವಕಾರ ಸೇರಿಸಿಕೊಳ್ಳುತ್ತದೆ. ಹುಟ್ಟಿದಾಗಿನಿಂದ ಹಾಗೇ ಮಾತಾಡುತ್ತಿದ್ದ ನನಗೆ ಅದು ಕಿವಿಗೆ ಬಿದ್ದದ್ದು ಅವತ್ತೇ. ಇನ್ನೊಬ್ಬಳು ಮಳೆಯ ಬಗ್ಗೆ ಬರೆಯುತ್ತ ‘ರೈನ್ ಈಸ್ ಬೀಟಿಂಗ್’ ಎಂದಿದ್ದಳು. ನಮ್ಮ ಕಡೆ ಮಳೆ ಬೀಳುವುದಿಲ್ಲವಲ್ಲ, ಹೊಡೆಯುತ್ತದೆ. ಆಗುಂಬೆ ಕಡೆಯ ಮಗುವಿಗೆ ಬೇರೆ ಕ್ರಿಯಾಪದ ಎಲ್ಲಿಂದ ಹೊಳೆಯಬೇಕು?

ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಇದನ್ನು ಹೇಳಿದ್ದ. ಕೈತಪ್ಪಿ ಆಗುವ ತಪ್ಪು ಬೇರೆ, ಕಲಿಯುವವನು ಮನಸ್ಸಿನಲ್ಲಿ ಕಟ್ಟಿಕೊಂಡ ನಿಯಮದಿಂದ ಹುಟ್ಟುವ ತಪ್ಪು ಬೇರೆ. ಎರಡನೆಯದು ಮೇಷ್ಟರಿಗೆ ಸಿಗುವ ಸುಳಿವು. ಇದನ್ನು ನಾನೇ ಎರಡು ತಿಂಗಳ ಹಿಂದೆ ಓದಿ, ನಾನೇ ಎಲ್ಲರಿಗೂ ವಿವರಿಸಿದ್ದೆ! ವಿವರಿಸಿ ರೂಮಿಗೆ ಹೋಗಿ ಕೆಂಪು ಪೆನ್ನು ಹಿಡಿದು ಕೂತಿದ್ದೆ. ಟೇಬಲ್ ಹರಿದು ಹಾಕಿ ಮೊದಲಿನಿಂದ ಶುರು ಮಾಡುವಾಗ ಜನವರಿ.

ಸೊರಬದವನದು ಬೇರೆ ಫಜೀತಿ. ಎನ್.ಎಸ್. ಪ್ರಭು ಅವರ ‘ಬೆಂಗಳೂರು ಪ್ರಾಜೆಕ್ಟ್’ ಅವನಿಗೆ ಹುಚ್ಚು ಹಿಡಿಸಿತ್ತು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗ ಅದು. ವ್ಯಾಕರಣ ಪಾಠ ಬಿಟ್ಟು ಮಕ್ಕಳಿಗೆ ನಕ್ಷೆ, ವೇಳಾಪಟ್ಟಿಯಂಥದ್ದನ್ನು ಕೊಟ್ಟು ಬಿಡಿಸಲು ಹೇಳುವುದು. ಗಮನ ಅರ್ಥದ ಮೇಲಿದ್ದರೆ ಭಾಷೆ ಹಿಂದಿನಿಂದ ತಾನೇ ಕೂತುಕೊಳ್ಳುತ್ತದೆ ಎಂಬ ನಂಬಿಕೆ. ನಮ್ಮಲ್ಲೇ ನಡೆದದ್ದು, ಇವತ್ತು ಟಾಸ್ಕ್ ಆಧಾರಿತ ಬೋಧನೆ ಎಂದು ಲೋಕವೆಲ್ಲ ಓದುವ ಮಾತಿಗೆ ಬೇರು ಇಲ್ಲಿದೆ ಎಂದು ಅವನಿಗೆ ಬಹಳ ಹೆಮ್ಮೆ. ಒಂದು ಹಳ್ಳಿ ಶಾಲೆಯ ಏಳನೇ ಕ್ಲಾಸಿಗೆ ಬಸ್ಸಿನ ವೇಳಾಪಟ್ಟಿ ತೆಗೆದುಕೊಂಡು ಹೋದ. ಹನ್ನೊಂದರೊಳಗೆ ಸಾಗರ ಮುಟ್ಟಬೇಕು, ಯಾವ ಬಸ್ಸು ಹತ್ತಬೇಕು ಎಂದು ಇಂಗ್ಲಿಷಿನಲ್ಲಿ ಪ್ರಶ್ನೆ. ಕ್ಲಾಸಿಗೆ ಕ್ಲಾಸೇ ಕನ್ನಡದಲ್ಲಿ ಚರ್ಚೆಗೆ ಬಿತ್ತಂತೆ. ಕೊನೆಗೆ ಹಿಂದಿನ ಬೆಂಚಿನವ ಎದ್ದು, “ಸಾರ್, ಪ್ರೈವೇಟ್ ಬಸ್ಸಾದ್ರೆ ಕೈ ಮಾಡಿದಲ್ಲಿ ನಿಲ್ಲಿಸ್ತಾರೆ, ಟೈಮ್ ಎಂತಕ್ಕೆ?” ಅಂದನಂತೆ. ಈ ಪಾಠ ಅವನ ಪ್ರಬಂಧದಲ್ಲಿ ಇಲ್ಲ. ಕೆಟ್ಟುಹೋದ ಪಾಠಕ್ಕೆ ಅಲ್ಲಿ ಅಧ್ಯಾಯ ಇರುವುದಿಲ್ಲವಲ್ಲ. ಆ ಶನಿವಾರದ ಖಾಲಿ ಕ್ಲಾಸಿನಲ್ಲಿ ಮಾತ್ರ ಪೂರ್ತಿ ಹೇಳಿದ.

ಅಕ್ಕ ನಲಿ-ಕಲಿ ಮಕ್ಕಳ ಓದಿನ ಮೇಲೆ ಕೆಲಸ ಮಾಡುತ್ತಿದ್ದರು. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ, ಅಕಾರದಿಂದಲ್ಲದೆ ‘ರ ಗ ಸ ದ ಅ’ದಿಂದ ಅಕ್ಷರ ಹಿಡಿಸುವ ಪದ್ಧತಿ. ಕನ್ನಡದ ಮಕ್ಕಳಿಗೆ ಕಾಗುಣಿತ, ಒತ್ತಕ್ಷರ ಸಮೇತ ಎಲ್ಲ ಅಕ್ಷರ ಕೈವಶವಾಗಲು ಮೂರು ನಾಲ್ಕು ವರ್ಷವೇ ಬೇಕಾಗುತ್ತದೆ ಎಂದು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅವರು ಓದಿ ಹೇಳಿದ ದಿನ ಚರ್ಚೆಯೇ ನಡೆಯಲಿಲ್ಲ. ಅಕ್ಕ ಸುಮ್ಮನೆ ಕಿಟಕಿಯಾಚೆ ನೋಡುತ್ತ, “ಎರಡನೇ ಕ್ಲಾಸಲ್ಲಿ ಒತ್ತಕ್ಷರ ಬರಲ್ಲ ಅಂತ ಎಷ್ಟು ಮಕ್ಕಳನ್ನ ನಿಲ್ಲಿಸಿದ್ನೋ ನಾನು” ಅಂದರು.

ಈಗ ಶೋಧಗಂಗಾದಲ್ಲಿ ದೇಶದ ಪಿಎಚ್.ಡಿ. ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. ದುಡ್ಡು ಕಟ್ಟಿದ ವಾರದಲ್ಲೇ ಪೇಪರ್ ಅಚ್ಚುಹಾಕಿ ಕೊಡುವ ಪತ್ರಿಕೆಗಳೂ ಇವೆ. ಒಂದಕ್ಕೆ ನಾನೂ ದುಡ್ಡು ಕಟ್ಟಿದ್ದೆ, ಅದನ್ನು ಇವತ್ತಿಗೂ ಒಬ್ಬರೂ ಓದಿದ ಕುರುಹಿಲ್ಲ. ನನ್ನ ಸಂಶೋಧನೆಯನ್ನು ನಿಜವಾಗಿ ಓದಿದವರು ಒಟ್ಟು ಮೂವರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನಾನು ಈಗಲೂ ಅರ್ಥವಾಗದ ವಾಕ್ಯ ಸಿಕ್ಕರೆ ಫೋಟೋ ತೆಗೆದು ಅವರಿಗೇ ಕಳಿಸುವುದು.

ವೈವಾದ, ಅಂದರೆ ಮೌಖಿಕ ಪರೀಕ್ಷೆಯ, ಕತೆ ಹೇಳಿ ಮುಗಿಸುತ್ತೇನೆ. ನನ್ನ ಕಟ್ಟಿನಲ್ಲೊಂದು ಪತ್ರಲೇಖನವಿತ್ತು. ಗೆಳತಿಗೆ ಎಲ್ಲ ಸುದ್ದಿ ಬರೆದ ಹುಡುಗಿ ಕಡೆಯ ಸಾಲಿನಲ್ಲಿ ‘ಐ ಆ್ಯಮ್ ಕಮಿಂಗ್’ ಎಂದು ನಿಲ್ಲಿಸಿದ್ದಳು. ಎಲ್ಲಿಗೆ ಬರುತ್ತಾಳೆ? ಎಲ್ಲಿಗೂ ಅಲ್ಲ. ಹೊರಡುವಾಗ ನಾವು ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತೇವೆ. ಅದನ್ನು ಯಾವ ಕಾಲಮ್ಮಿಗೂ ಹಾಕದೆ ಪ್ರತ್ಯೇಕವಾಗಿ ಒಂದು ಪುಟ ಬರೆದಿದ್ದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಪುಟದ ಮೇಲೇ ಬೆರಳಿಟ್ಟು, ವ್ಯಾಕರಣ ಸರಿಯಿರುವ ವಾಕ್ಯ ತಪ್ಪುಗಳ ಅಧ್ಯಯನದಲ್ಲಿ ಯಾಕೆ ಬಂತು ಎಂದು ಕೇಳಿದರು. ವಿವರಿಸಿದೆ. “ಹಾಗೆ ಎಲ್ಲರೂ ಅಂತಾರಾ?” ಅಂದರು. ಅಂತಾರೆ ಸರ್, ಅಂದೆ.

ಹಿಂದೆ ಕೂತಿದ್ದ ಮೂವರಿಗೂ ಒಂದೇ ಯೋಚನೆ: ಈ ಮನುಷ್ಯ ಹೊರಡುವಾಗ ಏನನ್ನುತ್ತಾರೆ? ಎಲ್ಲ ಮುಗಿದು, ಕಾಫಿ ಆಗಿ, ಅವರು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಬಂದರು. ನಾವು ಉಸಿರು ಬಿಗಿಹಿಡಿದು ನಿಂತಿದ್ದೆವು.

“ಸರಿ, ಹೊರಡ್ತೀನಪ್ಪ. ಬಸ್ಸಿಗೆ ಟೈಮಾಯ್ತು.”

ನನ್ನ ಮುಖ ನೋಡಿ ಭದ್ರಾವತಿಯವಳು ತೋಳು ಚಿವುಟಿದಳು. “ಬಿಡೇ, ಒಂದೇ ಒಂದು ಸ್ಯಾಂಪಲ್ ಇಟ್ಕೊಂಡು ಏನೂ ಹೇಳಕ್ಕಾಗಲ್ಲ.”