ವಿಂಟರ್‌ಫೆಲ್‌ನ ಕತ್ತಲು, ವಿಜಯನಗರದ ಬೆಳಕು

2019ರ ಏಪ್ರಿಲ್ 29, ಸೋಮವಾರ. ಅಮೆರಿಕದಲ್ಲಿ ಭಾನುವಾರ ರಾತ್ರಿ ಬರುತ್ತಿದ್ದ ‘ಗೇಮ್ ಆಫ್ ಥ್ರೋನ್ಸ್’ ಟಿವಿ ಸೀರೀಸ್ ನಮಗೆ ಸೋಮವಾರ ಬೆಳಗ್ಗೆ ಆರೂವರೆಗೆ ಹಾಟ್‌ಸ್ಟಾರ್‌ನಲ್ಲಿ ಸಿಗುತ್ತಿತ್ತು. ಅಂದು ಕೊನೆಯ ಸೀಸನ್ನಿನ ಮೂರನೇ ಎಪಿಸೋಡ್, ‘ದಿ ಲಾಂಗ್ ನೈಟ್’. ಬರ್ತಾರೆ, ಬರ್ತಾರೆ ಅಂತ 2011ರಿಂದ ನಮ್ಮನ್ನು ಹೆದರಿಸಿದ್ದ ಸತ್ತವರ ಸೈನ್ಯ ಕೊನೆಗೂ ವಿಂಟರ್‌ಫೆಲ್ ಕೋಟೆಯ ಬಾಗಿಲಿಗೆ ಬರುವ ದಿನ. ಇಂಥದ್ದನ್ನು ಒಬ್ಬಳೇ ಕೂತು ನೋಡೋಕೆ ಆಗಲ್ಲ. ಹಿಂದಿನ ರಾತ್ರಿಯೇ ವಿಜಯನಗರದಲ್ಲಿರುವ ಗೆಳತಿಯ ಮನೆಗೆ ಹೋಗಿ ಮಲಗಿದ್ದೆ.

ಅವಳ ಮನೆಯ ಹಾಲ್ ಪೂರ್ವಕ್ಕಿದೆ. ಏಪ್ರಿಲ್ ಬಿಸಿಲು ಆರೂವರೆಗೇ ನೇರ ಟಿವಿ ಮೇಲೆ ಬೀಳುತ್ತಿತ್ತು. ಎಪಿಸೋಡ್ ಶುರುವಾದ ಎರಡೇ ನಿಮಿಷಕ್ಕೆ ಗೊತ್ತಾಯಿತು, ಪರದೆ ಮೇಲೆ ಬರೀ ಕಪ್ಪು. ಅದರೊಳಗೆ ಸೈನಿಕರಿಗಿಂತ ನಮ್ಮ ಮುಖಗಳೇ ಚೆನ್ನಾಗಿ ಕಾಣುತ್ತಿದ್ದವು. ಗೆಳತಿಯ ತಮ್ಮ ಎದ್ದು ಕಿಟಕಿಗೆ ಹೊದಿಕೆ ಸಿಕ್ಕಿಸಿದ. ಸಾಲಲಿಲ್ಲ, ಮೇಲೊಂದು ಬೆಡ್‌ಶೀಟ್. ಕಾಫಿ ತಂದ ಅವರಮ್ಮ ಬಾಗಿಲಲ್ಲೇ ನಿಂತು, “ಏನ್ರೋ, ಕರೆಂಟ್ ಹೋಯ್ತಾ?” ಅಂದರು.

ಈ ಕತ್ತಲಿನ ಬಗ್ಗೆ ಆ ವಾರವೆಲ್ಲ ಜಗತ್ತಿನ ತುಂಬ ಜಗಳ ನಡೆಯಿತು. ಏನೂ ಕಾಣಲಿಲ್ಲ ಅಂತ ಜನ ಕೂಗಾಡಿದರು. ಕ್ಯಾಮೆರಾಮನ್ ಫೇಬಿಯನ್ ವ್ಯಾಗ್ನರ್, ಬೇಕಂತಲೇ ಹಾಗೆ ಮಾಡಿದ್ದು, ಎಷ್ಟೋ ಜನರ ಟಿವಿ ಸೆಟ್ಟಿಂಗ್ ಸರಿಯಿಲ್ಲ ಅಂದರು. ನನಗೆ ಇದು ಒಪ್ಪಿಗೆಯಿಲ್ಲ. ಕತ್ತಲಲ್ಲಿ ಸೈನಿಕನಿಗೆ ಆಗುವ ಭಯ ನಮಗೂ ಆಗಬೇಕು ಅನ್ನೋದು ಸರಿಯೇ. ಆದರೆ ಇಂಟರ್ನೆಟ್‌ನಲ್ಲಿ ಹರಿದು ಬರುವಾಗ ಚಿತ್ರ ಕುಗ್ಗುತ್ತದೆ, ಮೊದಲು ಹಾಳಾಗೋದೇ ಕಪ್ಪು ಬಣ್ಣ. ಎಲ್ಲರ ಮನೆಯೂ ಥಿಯೇಟರ್ ಅಲ್ಲ ಅಲ್ವಾ?

ಆದರೂ ಆ ಕತ್ತಲು ಒಂದು ಕಡೆ ಕೊಟ್ಟಿದ್ದನ್ನು ಮರೆಯೋಕಾಗಲ್ಲ. ಕೋಟೆಯ ಪರ ನಿಂತ ದೋತ್ರಾಕಿ ಸವಾರರ ಕತ್ತಿಗಳಿಗೆಲ್ಲ ಮಾಟಗಾತಿ ಮೆಲಿಸಾಂಡ್ರೆ ಬೆಂಕಿ ಹೊತ್ತಿಸುತ್ತಾಳೆ. ಸಾವಿರಾರು ಕುದುರೆ ಮುಂದೆ ಓಡುತ್ತವೆ. ನಾವು ಕೋಟೆಯವರ ಜೊತೆ ದೂರದಿಂದ ನೋಡುತ್ತಿದ್ದೇವೆ. ಬೆಂಕಿಯ ಸಾಲು ಕತ್ತಲಿಗೆ ಹೋಗಿ ಬಡಿಯುತ್ತದೆ. ಆಮೇಲೆ ಒಂದೊಂದೇ ದೀಪ ಆರುತ್ತಾ ಬರುತ್ತದೆ. ಕೂಗೂ ನಿಲ್ಲುತ್ತದೆ. ಹಾಲ್‌ನಲ್ಲಿ ಯಾರೂ ಕಾಫಿ ಮುಟ್ಟಲಿಲ್ಲ.

82 ನಿಮಿಷದ ಎಪಿಸೋಡ್ ಅದು. ಪುಟ್ಟ ಲಯಾನಾ ಮಾರ್ಮಾಂಟ್ ದೈತ್ಯನ ಕಣ್ಣಿಗೆ ಚುಚ್ಚಿ ತಾನೂ ಸತ್ತಾಗ ಗೆಳತಿ ಅತ್ತೇಬಿಟ್ಟಳು. ಥಿಯಾನ್ ಸತ್ತಾಗ ನಾನು. ಕೊನೆಗೆ ಸತ್ತವರ ಸೈನ್ಯದ ಒಡೆಯ ನೈಟ್ ಕಿಂಗ್, ವಿಂಟರ್‌ಫೆಲ್‌ನ ಹುಡುಗ ಬ್ರಾನ್ ಮುಂದೆ ಬಂದು ನಿಂತ. ಬರೀ ಪಿಯಾನೋ ಸದ್ದು. ಎಲ್ಲ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಬ್ರಾನ್‌ನ ಅಕ್ಕ ಆರ್ಯಾ ಹಿಂದಿನಿಂದ ಹಾರಿದಳು. ಅವನು ಅವಳ ಕತ್ತು ಹಿಡಿದ, ಬಾಕು ಹಿಡಿದ ಕೈಯನ್ನೂ ಹಿಡಿದ. ಅವಳು ಬಾಕು ಬಿಟ್ಟಳು. ಕೆಳಗೆ ಅವಳ ಇನ್ನೊಂದು ಕೈ ಕಾಯುತ್ತಿತ್ತು. ನೈಟ್ ಕಿಂಗ್ ಚೂರುಚೂರಾದ.

ನಾವು ಕಿರುಚಿದ್ದಕ್ಕೆ ಮಹಡಿ ಮೇಲಿದ್ದ ಓನರ್ ಆಂಟಿ ಓಡಿಬಂದರು. ಯಾರಿಗೆ ಏನಾಯ್ತೋ ಅಂತ ಪಾಪ ಗಾಬರಿಯಾಗಿದ್ದರು. ಗೆಳತಿ ಅವರನ್ನು ಹಾಗೇ ತಬ್ಬಿಕೊಂಡಳು.

ತಮ್ಮ ಮಾತ್ರ ಕೂತಲ್ಲೇ ಕೂತಿದ್ದ. “ಜಾನ್ ಮಾಡ್ಬೇಕಿತ್ತು ಅಕ್ಕ. ಇಷ್ಟು ವರ್ಷ ಅವನನ್ನ ಇದಕ್ಕೇ ಅಲ್ವಾ ಬೆಳೆಸಿದ್ದು?” ಕಥೆಯ ಹೀರೋ ಜಾನ್ ಸ್ನೋ ಬಗ್ಗೆ ಸುಮ್ನೆ ಹೇಳಿದ ಮಾತಲ್ಲ, ತಮ್ಮನ ಗಂಟಲು ಕಟ್ಟಿತ್ತು. ನಾನು ಏಳನೇ ಸೀಸನ್ ನೆನಪಿಸಿದೆ. ವೀರ ಯೋಧೆ ಬ್ರಿಯೆನ್ ಜೊತೆ ಕತ್ತಿ ಅಭ್ಯಾಸ ಮಾಡುವಾಗ ಆರ್ಯಾ ಇದೇ ಬಾಕನ್ನು ಇದೇ ಥರ ಕೈ ಬದಲಿಸಿ ಹಿಡಿದಿದ್ದಳು. ಸಾವಿನ ದೇವರಿಗೆ ‘ಇವತ್ತಲ್ಲ’ ಅನ್ನೋದನ್ನು ಮೊದಲ ಸೀಸನ್ನಿನಲ್ಲೇ ಕಲಿತಿದ್ದಳು. ನನ್ನ ಪ್ರಕಾರ ಆ ಹುಡುಗಿಗೆ ಅದು ನ್ಯಾಯವಾಗಿ ಬಂದದ್ದು. ಅವನು ಒಪ್ಪಲಿಲ್ಲ. ಕಿಟಕಿಯ ಹೊದಿಕೆ ತೆಗೆಯುವಾಗಲೂ ವಾದ ಮುಗಿದಿರಲಿಲ್ಲ.

ಆಫೀಸಿನಲ್ಲಿ ಅರ್ಧ ಜನ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಓಡಾಡುತ್ತಿದ್ದರು. “ಪ್ಲೀಸ್, ಏನೂ ಹೇಳ್ಬೇಡಿ” ಅಂತ ಲಿಫ್ಟ್‌ನಲ್ಲೇ ಕೈ ಮುಗಿದವರಿದ್ದರು. ‘ಅವೆಂಜರ್ಸ್: ಎಂಡ್‌ಗೇಮ್’ ಬಂದು ಮೂರು ದಿನವಷ್ಟೇ ಆಗಿತ್ತು. ಅದನ್ನೂ ನೋಡದವರ ಪಾಡು ಕೇಳಲೇಬೇಡಿ. ಪಕ್ಕದ ಟೀಮಿನವರೊಬ್ಬರು, ಅದುವರೆಗೆ ನನ್ನ ಜೊತೆ ಮಾತೇ ಆಡದವರು, ಊಟದ ಹೊತ್ತಲ್ಲಿ ಹತ್ತಿರ ಬಂದು “ನೋಡಿದ್ರಾ?” ಅಂದರು. ಇಬ್ಬರ ಊಟವೂ ಆರಿಹೋಯಿತು.

ಎರಡು ವಾರ ಕಳೆದು ಐದನೇ ಎಪಿಸೋಡ್ ‘ದಿ ಬೆಲ್ಸ್’ ಬಂದಾಗ ನಮ್ಮ ಹಾಲ್ ಬೇರೆಯೇ ಆಗಿತ್ತು. ಶರಣಾದ ಊರನ್ನು ಡ್ರ್ಯಾಗನ್‌ಗಳ ರಾಣಿ ಡೆನೇರಿಸ್ ಸುಟ್ಟಳು. ಯಾರೂ ಕಿರುಚಲಿಲ್ಲ. ಆ ಸೀಸನ್ನನ್ನೇ ಮತ್ತೆ ತೆಗೆಯಿರಿ ಅನ್ನುವ ಆನ್‌ಲೈನ್ ಮನವಿಗೆ 10 ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು. ತಮ್ಮನೂ ಹಾಕಿದ. ನಾನು ಹಾಕಲಿಲ್ಲ. ವಿಂಟರ್‌ಫೆಲ್ ಯುದ್ಧಕ್ಕೇ 55 ರಾತ್ರಿ ಚಳಿಯಲ್ಲಿ ನಿಂತವರಿಗೆ ಅಳಿಸಿ ಮತ್ತೆ ಮಾಡಿ ಅನ್ನೋಕೆ ಮನಸ್ಸು ಬರಲಿಲ್ಲ. ಡೆನೇರಿಸ್ ಹಾಗಾಗಬಾರದಿತ್ತು ಅಂತಲೂ ನಾನು ಹೇಳಲ್ಲ. ಹಿಂದೆ ಮಿರೀನ್ ನಗರ ಗೆದ್ದಾಗ ಗುಲಾಮರ 163 ಯಜಮಾನರನ್ನು ಶಿಲುಬೆಗೆ ಹಾಕಿಸಿದವಳು ಅವಳೇ. ನನ್ನ ತಕರಾರು ಅವಸರದ ಬಗ್ಗೆ. ಮೊದಲ ಆರು ಸೀಸನ್ನಿಗೆ ತಲಾ 10 ಎಪಿಸೋಡ್ ಕೊಟ್ಟವರು ಕೊನೆಯದಕ್ಕೆ ಕೊಟ್ಟಿದ್ದು ಬರೀ 6. ಅವಳು ಒಳಗೊಳಗೇ ಒಡೆಯೋದನ್ನು ನೋಡೋಕೆ ನಮಗೆ ಇನ್ನೂ ನಾಲ್ಕು ಸೋಮವಾರವಾದರೂ ಬೇಕಿತ್ತು. ಈ ವಿಷಯದಲ್ಲಿ ಮಾತ್ರ ತಮ್ಮನದೂ ನನ್ನದೂ ಒಂದೇ ಮಾತು.