ಹಸಿರು ದೀಪ ನಂಬಿ ಕೆಟ್ಟೆ: ಚಾಸಿಸ್ ಪವರ್ ಲಾಗ್

ಹೋದ ಸಲ ಬರೆದಾಗ ಚಾಸಿಸ್ ಆನ್ ಆಗಿತ್ತು, ಅಷ್ಟೇ. ಚಾಸಿಸ್ ಅಂದರೆ ಸರ್ವರ್ ಪೆಟ್ಟಿಗೆ: 2ಯು (ರ್ಯಾಕ್‌ನ ಎರಡು ಮನೆ) ಎತ್ತರ, ಒಳಗೆ ನಾಲ್ಕು ನೋಡ್ (ಒಂದೊಂದೂ ಬೇರೆ ಬೇರೆ ಕಂಪ್ಯೂಟರ್), ಹಿಂದೆ 1000 ವ್ಯಾಟ್‌ನ ಎರಡು ಪವರ್ ಸಪ್ಲೈ. ಎರಡೂ ಲೋಡ್ ಹಂಚಿಕೊಳ್ಳುತ್ತವೆ. ಒಂದು ಸತ್ತರೆ ಇನ್ನೊಂದು ಪೂರ್ತಿ ಹೊರಬೇಕು. ನಿಜವಾಗಿ ಹೊರುತ್ತದಾ? ಈ ಸಲದ ಕೆಲಸ ಅದೇ.

ಅಂಕಿ ತೆಗೆದದ್ದು

ಪವರ್ ಸಪ್ಲೈ ತನ್ನನ್ನು ತಾನೇ ಅಳೆದುಕೊಳ್ಳುತ್ತದೆ. ವೋಲ್ಟೇಜ್, ಕರೆಂಟ್, ವ್ಯಾಟ್, ಒಳಗಿನ ಬಿಸಿ, ಫ್ಯಾನ್ ವೇಗ, ಎಲ್ಲವನ್ನೂ ಪಿಎಂಬಸ್ (ಪವರ್ ಸಪ್ಲೈ ಮಾತಾಡುವ ತಂತಿ) ಮೇಲೆ ಹೇಳುತ್ತದೆ. ನೋಡ್‌ನ ಬಿಎಂಸಿ (ಬೋರ್ಡನ್ನು ನಿಗಾ ಮಾಡುವ ಪುಟ್ಟ ಚಿಪ್) ಅದನ್ನು ಓದುತ್ತದೆ, ನಾನು ಬಿಎಂಸಿಯನ್ನು ಐಪಿಎಂಐ ಅನ್ನುವ ಹಳೆಯ ನಿರ್ವಹಣಾ ಪದ್ಧತಿಯ ಮೂಲಕ ಕೇಳುತ್ತೇನೆ. ಅದರ ಜಾಗಕ್ಕೆ ಬಂದ ಹೊಸ ಪದ್ಧತಿ ರೆಡ್‌ಫಿಶ್ ಇದ್ದಿದ್ದರೆ ಇನ್ನೂ ಸಲೀಸು. ಆದರೆ ಅದು ಬಂದದ್ದೇ 2015ರಲ್ಲಿ, ಈ ಬೋರ್ಡ್ ಅದಕ್ಕಿಂತ ಹಳೆಯದು. ಅಂಕಿಗಳು ಅವನ್ನು ಕೂಡಿಡುವ ಪ್ರೊಮಿಥಿಯಸ್ ತಂತ್ರಾಂಶಕ್ಕೆ ಹೋಗುತ್ತವೆ, ಗ್ರಾಫ್ ಬಿಡಿಸುವುದು ಗ್ರಫಾನಾ.

ಮೊದಲ ಗ್ರಾಫ್ ನೋಡಿ ಎದೆ ಧಸಕ್ಕೆಂದಿತು. ಸುಮ್ನೆ ಕೂತ ಪೆಟ್ಟಿಗೆ 1360 ವ್ಯಾಟ್ ತಿನ್ನುತ್ತಿದೆ! ಗೋಡೆಯ ಪ್ಲಗ್‌ಗೆ ಮೀಟರ್ ಹಾಕಿದೆ, 347 ತೋರಿಸಿತು. ಅರ್ಧ ದಿನ ಸೆನ್ಸಾರನ್ನು ಬೈದುಕೊಂಡ ಮೇಲೆ ಹೊಳೆಯಿತು. ನಾಲ್ಕೂ ಬಿಎಂಸಿಗಳು ಓದುತ್ತಿದ್ದದ್ದು ಅದೇ ಎರಡು ಪವರ್ ಸಪ್ಲೈಗಳನ್ನು. ನಾನು ನಾಲ್ಕನ್ನೂ ಕೂಡಿಸುತ್ತಿದ್ದೆ. 1360ನ್ನು ನಾಲ್ಕರಿಂದ ಭಾಗಿಸಿದರೆ 340. ಮೀಟರ್‌ಗೂ ಇದಕ್ಕೂ ಏಳು ವ್ಯಾಟ್ ವ್ಯತ್ಯಾಸ, ನನಗೆ ಸಾಕು. ಈಗ ಒಂದೇ ನೋಡ್‌ನಿಂದ ಓದುತ್ತೇನೆ, ಅದು ಉತ್ತರ ಕೊಡದಿದ್ದರೆ ಮಾತ್ರ ಎರಡನೆಯದನ್ನು ಕೇಳುತ್ತೇನೆ.

ಓದುವ ಅಂತರ ಮೊದಲು 60 ಸೆಕೆಂಡ್ ಇತ್ತು. ಲೋಡ್ ಏರಿ ಇಳಿಯುವುದರೊಳಗೆ ಓದೇ ಆಗಿರುತ್ತಿರಲಿಲ್ಲ. 10ಕ್ಕೆ ಇಳಿಸಿದೆ.

ಕೇಬಲ್ ಎಳೆದದ್ದು

ಮೊದಲ ಪರೀಕ್ಷೆ ಕೆಲಸವಿಲ್ಲದ ಹೊತ್ತಿನಲ್ಲಿ. ಒಂದು ಕೇಬಲ್ ಎಳೆದೆ. ಇನ್ನೊಂದು ಸಪ್ಲೈ ಪೂರ್ತಿ ಲೋಡ್ ಹೊತ್ತುಕೊಂಡಿತು, ಯಾವ ನೋಡ್‌ಗೂ ಗೊತ್ತೇ ಆಗಲಿಲ್ಲ. ಖುಷಿಯಾಯಿತು. ಆದರೆ ಅಲರ್ಟ್ ಬರಲಿಲ್ಲ. ನಾನು ನೋಡುತ್ತಿದ್ದದ್ದು 'ಕೆಟ್ಟಿದೆ' ಅನ್ನುವ ಸ್ಥಿತಿಯನ್ನು ಮಾತ್ರ. ಐಪಿಎಂಐನಲ್ಲಿ 'ಸಪ್ಲೈ ಜಾಗದಲ್ಲಿದೆ', 'ಸಪ್ಲೈ ಕೆಟ್ಟಿದೆ', 'ಒಳಬರುವ ಕರೆಂಟ್ ಹೋಗಿದೆ', ಇವು ಮೂರೂ ಬೇರೆ ಬೇರೆ. ಕೇಬಲ್ ಎಳೆದರೆ ಸಪ್ಲೈ ಕೆಟ್ಟಂತಲ್ಲ ಅಲ್ವಾ? ಮೂರನೆಯದನ್ನೂ ಅಲರ್ಟ್‌ಗೆ ಸೇರಿಸಿದೆ.

ಎರಡನೇ ಪರೀಕ್ಷೆ ನಾಲ್ಕೂ ನೋಡ್‌ಗಳ ಮೇಲೆ ಸ್ಟ್ರೆಸ್-ಎನ್‌ಜಿ (ಬೇಕೆಂದೇ ಲೋಡ್ ಹಾಕುವ ತಂತ್ರಾಂಶ) ಓಡಿಸಿ. ಒಳಹೋಗುವುದು ಒಟ್ಟು 1150 ವ್ಯಾಟ್, ಹೊರಬರುವುದು 1080. ತಲಾ 540, ಅಂದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಸ್ಟೇಟಸ್ ಪುಟದಲ್ಲಿ ರಿಡಂಡೆನ್ಸಿ (ಒಂದು ಹೋದರೆ ಇನ್ನೊಂದು ಇರುವುದು) ಸರಿಯಿದೆ ಅಂತ ಹಸಿರು ಬಣ್ಣ. ಆ ಎರಡು 540 ಕೂಡಿಸಿ ನೋಡಿದ್ದರೆ ಸಾಕಿತ್ತು. ನೋಡದೆ ಕೇಬಲ್ ಎಳೆದೆ. ಉಳಿದ ಸಪ್ಲೈ ಕೆಲವು ಸೆಕೆಂಡ್ ಜೋರಾಗಿ ಊಳಿಟ್ಟಿತು, ಆಮೇಲೆ ನಾಲ್ಕೂ ನೋಡ್ ಒಟ್ಟಿಗೆ ಕತ್ತಲೆ.

1000 ವ್ಯಾಟ್‌ನ ಸಪ್ಲೈ ಮೇಲೆ 1080 ಹೇರಿದ್ದೆ. ತಪ್ಪು ಅದರದ್ದಲ್ಲ, ನನ್ನದು. ಆ ಹಸಿರು ಬಣ್ಣ ಹೇಳುವುದು ಎರಡು ಸಪ್ಲೈ ಜೀವಂತ ಇವೆ ಅಂತ ಮಾತ್ರ. ಒಂದೇ ಹೊರಬಲ್ಲದೇ ಅನ್ನುವ ಲೆಕ್ಕ ಈ ಬೋರ್ಡ್ ಹಾಕುವುದೇ ಇಲ್ಲ. ಸಪ್ಲೈ ಮೇಲೆ ಬರೆದ ವ್ಯಾಟ್ ಹೊರಬರುವ ಕರೆಂಟಿನದು ಅನ್ನುವುದೂ ನೆನಪಿರಲಿ. ಅದನ್ನು ಒಳಹೋಗುವ ವ್ಯಾಟ್ ಜೊತೆ ಹೋಲಿಸಬಾರದು.

ಸಪ್ಲೈ ಕಷ್ಟದಲ್ಲಿದ್ದಾಗ ಒಂದು ಅಲರ್ಟ್ ತಂತಿಯ ಮೂಲಕ ನೋಡ್‌ಗಳ ವೇಗ ತಕ್ಷಣ ಇಳಿಸುವ ವ್ಯವಸ್ಥೆಯೂ ಇದೆ. ನನ್ನ ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಅದು ಆಫ್ ಆಗಿತ್ತು. ಆನ್ ಮಾಡಿದ್ದೇನೆ, ಆದರೆ ಅದೊಂದನ್ನೇ ನಂಬಿ ಕೂರುವುದಿಲ್ಲ.

ಸರಿಪಡಿಸಿದ್ದು

ಪ್ರತಿ ನೋಡ್‌ನ ಪ್ರೊಸೆಸರ್‌ಗೆ ಅದರಲ್ಲೇ ಇರುವ ಆರ್‌ಎಪಿಎಲ್ ಸೌಲಭ್ಯದ ಮೂಲಕ ವ್ಯಾಟ್ ಮಿತಿ ಹಾಕಿದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಇದು ಸ್ಯಾಂಡಿ ಬ್ರಿಡ್ಜ್ ಪೀಳಿಗೆಯಿಂದ ಇದೆ. ಪೂರ್ತಿ ಲೋಡ್‌ನಲ್ಲಿ ಈಗ ಹೊರಬರುವುದು 870 ವ್ಯಾಟ್. ಕಂಪೈಲ್ ಕೆಲಸ ಸ್ವಲ್ಪ ನಿಧಾನವಾಗಿದೆ, ಅಷ್ಟು ಬಿಟ್ಟುಕೊಟ್ಟೆ. ಮತ್ತೆ ಕೇಬಲ್ ಎಳೆದೆ, ಈ ಸಲ ಉಸಿರು ಬಿಗಿಹಿಡಿದು. ಸಪ್ಲೈ 880ಕ್ಕೆ ಏರಿ ನಿಂತಿತು. ಆ ಹತ್ತು ವ್ಯಾಟ್ ಫ್ಯಾನ್‌ಗಳದ್ದು ಇರಬೇಕು. ಅಲರ್ಟ್ ಕೂಡ ಬಂತು. ಇನ್ನು ಒಟ್ಟು 900 ದಾಟಿದರೆ ಎರಡೂ ಸಪ್ಲೈ ಆರೋಗ್ಯವಾಗಿದ್ದರೂ ನನಗೆ ಸಂದೇಶ ಬರುತ್ತದೆ.

ಕೆಲಸವಿಲ್ಲದಾಗ ಒಂದು ಸಪ್ಲೈಯನ್ನು ಮಲಗಿಸುವ ಕೋಲ್ಡ್ ರಿಡಂಡೆನ್ಸಿಯನ್ನೂ ನೋಡಿದೆ. ಇವು 80 ಪ್ಲಸ್ ಪ್ಲಾಟಿನಂ, ಅಂದರೆ ಪವರ್ ಸಪ್ಲೈಗಳ ದಕ್ಷತೆಗೆ ಕೊಡುವ ಒಂದು ದರ್ಜೆ. 230 ವೋಲ್ಟ್‌ನಲ್ಲಿ 20% ಲೋಡ್‌ಗೆ 90%, 50% ಲೋಡ್‌ಗೆ 94% ದಕ್ಷತೆ ಇರಬೇಕು ಅನ್ನುವುದು ಆ ದರ್ಜೆಯ ನಿಯಮ. ನನ್ನ ಸಪ್ಲೈಗಳು ಖಾಲಿ ಹೊತ್ತಿನಲ್ಲಿ 20%ಗಿಂತ ಕೆಳಗೇ ಓಡುತ್ತವೆ. ಒಂದನ್ನು ಮಲಗಿಸಿದರೆ ಉಳಿದದ್ದು ಒಳ್ಳೆಯ ಜಾಗಕ್ಕೆ ಬರುತ್ತದೆ. ಮೀಟರ್‌ನಲ್ಲಿ 14 ವ್ಯಾಟ್ ಉಳಿಯಿತು. ಹಾಗೇ ಬಿಟ್ಟಿದ್ದೇನೆ.

ಇದೆಲ್ಲ ಮುಗಿಸಿ ಹಿಂದೆ ಬಗ್ಗಿ ನೋಡಿದರೆ, ಎರಡೂ ಕೇಬಲ್ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹೋಗಿವೆ. ಅದರ ಸ್ವಿಚ್‌ಗೆ ಕಾಲು ತಗುಲಿದರೆ ಮುಗಿಯಿತು. ಮುಂದಿನ ವಾರಾಂತ್ಯಕ್ಕೆ ಒಂದು ಕೇಬಲ್ ಯುಪಿಎಸ್‌ಗೆ, ಇನ್ನೊಂದು ಬೇರೆ ಸರ್ಕ್ಯೂಟ್‌ನ ಪ್ಲಗ್‌ಗೆ. ಆ ಯುಪಿಎಸ್ ಒಂದೇ, ಹೊರಬರುವ 880 ಅಲ್ಲ, ಅದಕ್ಕಿಂತ ಜಾಸ್ತಿಯಾದ ಒಳಹೋಗುವ ವ್ಯಾಟ್ ಪೂರ್ತಿ ಹೊರಬೇಕು ಅನ್ನುವುದನ್ನು ಈ ಸಲ ಮೊದಲೇ ಲೆಕ್ಕ ಹಾಕಿ ಇಟ್ಟಿದ್ದೇನೆ.